ಪೋಲ್‌ವಾಲ್ಟ್‌ನಲ್ಲಿ ಕೈ ಜಾರುತ್ತಿದೆಯೇ? ಹಿಡಿತ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಕರಾವಳಿಯ ಒಂದು ಮೈದಾನದಲ್ಲಿ ನಾನು ತರಬೇತಿ ಕೊಡುತ್ತಿದ್ದ ಹುಡುಗಿಯೊಬ್ಬಳ ಮೇಲಿನ ಕೈ ಪ್ರತಿ ಜಿಗಿತದಲ್ಲೂ ಮೂರು ಬೆರಳಗಲ ಕೆಳಕ್ಕೆ ಜಾರುತ್ತಿತ್ತು. ಮೇ ತಿಂಗಳ ಸೆಕೆ. ಅಂಗೈ ಒರೆಸಿಕೊಂಡಷ್ಟೂ ಬೆವರುತ್ತಿತ್ತು. ಬೆವರೇ ಕಾರಣ ಎಂದುಕೊಂಡು ಎರಡು ವಾರ ಟೇಪು ಬದಲಾಯಿಸಿದೆವು, ಪುಡಿ ಬದಲಾಯಿಸಿದೆವು, ಕೈಗವಸನ್ನೂ ಹಾಕಿ ನೋಡಿದೆವು. ಏನು ಮಾಡಿದರೂ ಜಾರುವುದು ನಿಲ್ಲಲಿಲ್ಲ. ಒಂದು ಸಂಜೆ ಟೇಕಾಫ್ ಜಾಗದ ನೇರಕ್ಕೆ ಮೊಬೈಲ್ ಇಟ್ಟು ವಿಡಿಯೊ ತೆಗೆದಾಗ ಸಂಗತಿ ಬಯಲಾಯಿತು. ನೆಲ ಬಿಡುವ ಹೊತ್ತಿಗೆ ಅವಳ ಎಡಪಾದ ಮೇಲಿನ ಕೈಯ ನೇರಕ್ಕಿಂತ ಒಂದೂವರೆ ಗೇಣು ಮುಂದಿತ್ತು. ಪೋಲ್‌ನ ತುದಿ ಊರುವ ಗುಂಡಿಗೆ, ಅಂದರೆ ಬಾಕ್ಸ್‌ಗೆ, ತೀರ ಹತ್ತಿರ ಬಂದು ಜಿಗಿಯುತ್ತಿದ್ದುದರಿಂದ ಪೋಲ್ ಅವಳ ತೋಳನ್ನು ಹಿಂದಕ್ಕೆ ಕಿತ್ತು ಎಳೆಯುತ್ತಿತ್ತು. ಓಟ ಶುರು ಮಾಡುವ ಗುರುತನ್ನು ಅಷ್ಟೇ ಹಿಂದಕ್ಕೆ ಸರಿಸಿದೆವು. ಟೇಪು ಅದೇ, ಬೆವರೂ ಅದೇ. ಕೈ ಮಾತ್ರ ಹಿಡಿದಲ್ಲೇ ನಿಂತಿತು.

ಅಂದಿನಿಂದ ಹಿಡಿತದ ತೊಂದರೆ ಹೇಳಿಕೊಂಡು ಬಂದವರ ಅಂಗೈ ನೋಡುವ ಮೊದಲು ನಾನು ಅವರ ಪಾದ ನೋಡುತ್ತೇನೆ. ಈ ಮಾರ್ಗದರ್ಶಿಯ ಕ್ರಮವೂ ಅದೇ. ಟೇಪು ಸುತ್ತುವ ವಿಧಾನ ಇದರಲ್ಲಿದೆ, ಆದರೆ ಬಹಳ ಕೆಳಗಿದೆ. ದಯವಿಟ್ಟು ಅಲ್ಲಿಗೇ ಹಾರಿ ಹೋಗಬೇಡಿ.

ಇಲ್ಲಿ ಹೇಳುವುದೆಲ್ಲ ಬಲಗೈ ಮೇಲಿಟ್ಟು ಎಡಗಾಲಿನಿಂದ ಜಿಗಿಯುವವರಿಗೆ. ಎಡಗೈಯವರು ಬದಿ ಬದಲಿಸಿ ಓದಿಕೊಳ್ಳಿ. ಇನ್ನೊಂದು ಮಾತು: ಹಿಡಿತದ ಎತ್ತರವನ್ನಾಗಲಿ ಪೋಲನ್ನಾಗಲಿ ಬದಲಾಯಿಸುವ ಪ್ರಯೋಗವನ್ನು ಒಬ್ಬರೇ ಇದ್ದಾಗ ಮಾಡಬೇಡಿ. ತರಬೇತುದಾರರು ಪಕ್ಕದಲ್ಲಿರಬೇಕು, ಬಾಕ್ಸಿನ ಸುತ್ತ ಮೆತ್ತೆ ಇರಬೇಕು, ಹಿಂದೆ ಸರಿಯಾದ ಹಾಸು ಇರಬೇಕು. ಸಾಮಾನ್ಯ ಸ್ಪರ್ಧೆಗಳಿಗೂ ಬಾಕ್ಸಿನ ಹಿಂದೆ ಕನಿಷ್ಠ 5 ಮೀಟರ್ ಉದ್ದ, 5 ಮೀಟರ್ ಅಗಲದ ಹಾಸು ಬೇಕೆಂದು ನಿಯಮವಿದೆ. ಎರಡು ಹಳೆಯ ಹೈಜಂಪ್ ಹಾಸುಗಳನ್ನು ಜೋಡಿಸಿ ಅಭ್ಯಾಸ ಮಾಡುವ ಜಾಗಗಳನ್ನು ನಾನು ನೋಡಿದ್ದೇನೆ. ಅಲ್ಲಿ ಹಿಡಿತ ಏರಿಸುವ ಯೋಚನೆಯೇ ಬೇಡ.

ಮೊದಲು ಪೋಲ್ ಮೇಲಿನ ಗುರುತು ಓದಿ

ಕೈ ಯಾವಾಗ ಜಾರುತ್ತದೆ, ಯಾವ ಕಡೆಗೆ ಜಾರುತ್ತದೆ ಎಂಬುದು ಜಿಗಿಯುವವರಿಗೆ ತಿಳಿಯುವುದಿಲ್ಲ. ನೆಲ ಬಿಟ್ಟು ಅಡ್ಡಪಟ್ಟಿ ದಾಟುವವರೆಗಿನ ಸಮಯ ಅಷ್ಟು ಚಿಕ್ಕದು. ಪೋಲ್ ಮಾತ್ರ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ.

ಹಿಡಿತದ ಜಾಗಕ್ಕೆ ಹೊಸದಾಗಿ ಬಿಳಿ ಟೇಪು ಸುತ್ತಿ. ಬಲಗೈಯಿಂದ ಹಿಡಿದು, ತೋರುಬೆರಳಿನ ಕೆಳ ಅಂಚಿಗೂ ಕಿರುಬೆರಳಿನ ಮೇಲಂಚಿಗೂ ಪೆನ್ನಿನಿಂದ ತೆಳ್ಳಗೆ ಗೆರೆ ಎಳೆಯಿರಿ. ಎಡಗೈಗೂ ಹಾಗೆಯೇ. ಪೋಲ್‌ನ ಉದ್ದಕ್ಕೂ, ಹೆಬ್ಬೆರಳು ಮತ್ತು ತೋರುಬೆರಳಿನ ಕವಲು ಕೂರುವ ನೇರದಲ್ಲಿ ಇನ್ನೊಂದು ಗೆರೆ. ಶಾಲೆಯ ಬಣ್ಣದ ಸೀಮೆಸುಣ್ಣವನ್ನು ಪುಡಿ ಮಾಡಿ ಬಲ ಅಂಗೈಗೆ ಕೆಂಪು, ಎಡ ಅಂಗೈಗೆ ನೀಲಿ ಹಚ್ಚಿಕೊಳ್ಳಿ. ಎಂದಿನ ಓಟದಲ್ಲಿ ಒಂದು ಜಿಗಿತ ಮಾಡಿ, ಪೋಲ್ ತಂದು ಬೆಳಕಿನಲ್ಲಿ ನೋಡಿ, ಒರೆಸಿ, ಮತ್ತೆ ಜಿಗಿಯಿರಿ. ಇಂಥ ಐದು ಜಿಗಿತ ಸಾಕು.

ಕೆಂಪು ಬಣ್ಣ ಗೆರೆಯಿಂದ ಕೆಳಕ್ಕೆ, ಬಾಕ್ಸಿನ ತುದಿಯ ಕಡೆಗೆ ಬಾಲದಂತೆ ಎಳೆದುಕೊಂಡಿದ್ದರೆ ಪೋಲ್ ಬಾಕ್ಸಿನ ಹಿಂಗೋಡೆಗೆ ಬಡಿದಾಗ ಕೈ ಜಾರಿದೆ ಎಂದರ್ಥ. ಕಾರಣ ಹೆಚ್ಚಾಗಿ ಪಾದದಲ್ಲೋ ಕೈ ಎತ್ತುವ ಹೊತ್ತಿನಲ್ಲೋ ಇರುತ್ತದೆ. ಬಣ್ಣ ಪೋಲ್‌ನ ಸುತ್ತ ತಿರುಚಿಕೊಂಡಿದ್ದರೆ ಪೋಲ್ ಕೈಯೊಳಗೆ ಉರುಳಿದೆ. ನೀಲಿ ಮಾತ್ರ ಮೇಲಕ್ಕೆ ಸರಿದಿದ್ದರೆ ಎಡಗೈ ತನ್ನ ಜಾಗ ಬಿಟ್ಟಿದೆ. ಎರಡೂ ಗುರುತು ಶುಭ್ರವಾಗಿದ್ದು ಅಂಗೈಯಲ್ಲಿ ಮಾತ್ರ ಬೊಬ್ಬೆಗಳಿದ್ದರೆ ನೀವು ಅಗತ್ಯಕ್ಕಿಂತ ಬಿಗಿಯಾಗಿ ಹಿಡಿಯುತ್ತಿದ್ದೀರಿ. ಐದು ಜಿಗಿತದಲ್ಲಿ ಒಂದೊಂದು ಸಲ ಒಂದೊಂದು ಥರ ಗುರುತು ಬಂದರೆ ಮಾತ್ರ ಟೇಪು, ಬೆವರುಗಳನ್ನು ಅನುಮಾನಿಸಿ. ಅಭ್ಯಾಸದ ತಪ್ಪು ಪ್ರತಿ ಸಲವೂ ಒಂದೇ ಗುರುತು ಬಿಡುತ್ತದೆ.

ಬೆರಳುಗಳು ಎಲ್ಲಿರಬೇಕು

ಪೋಲನ್ನು ನೆಲದ ಮೇಲೆ ಅಡ್ಡಡ್ಡ ಇಟ್ಟು, ಬಗ್ಗಿ ಎರಡೂ ಅಂಗೈ ಕೆಳಮುಖವಾಗಿ ಹಿಡಿದು ತೊಡೆಯವರೆಗೆ ಎತ್ತಿ. ಹಾಗೆಯೇ ತಲೆಯ ಮೇಲಕ್ಕೆ ಎತ್ತಿದರೆ ಪುಲ್‌ಅಪ್ ಕಂಬಿಗೆ ಜೋತುಬಿದ್ದಂತೆ ಕಾಣಬೇಕು, ಹೆಬ್ಬೆರಳುಗಳು ಎದುರುಬದುರಾಗಿರಬೇಕು. ಟೇಕಾಫ್‌ನಲ್ಲಿ ಬೇಕಾದ ಹಿಡಿತ ಇದೇ. ಓಡುವಾಗ ಪೋಲ್ ಹೊತ್ತುಕೊಳ್ಳುವ ಭಂಗಿ ಬೇರೆ ಕಂಡರೂ ಹಿಡಿತ ಬೇರೆಯಲ್ಲ, ಬರಿದೇ ಕೆಳಗಿಳಿದಿರುತ್ತದೆ.

ಹೊತ್ತು ಓಡುವಾಗ ಪೋಲ್‌ನ ಭಾರವೆಲ್ಲ ಮುಂದಿನ ತುದಿಯಲ್ಲಿರುತ್ತದೆ. ಎಡಗೈ ಎದೆಯ ಮುಂದೆ ತಕ್ಕಡಿಯ ನಡುಗೋಲಿನಂತೆ ನಿಂತು, ಹೆಬ್ಬೆರಳು ಮತ್ತು ತೋರುಬೆರಳಿನ ಕವಲಿನಲ್ಲಿ ಆ ಭಾರ ಹೊರುತ್ತದೆ. ಬಲಗೈ ಸೊಂಟದ ಪಕ್ಕದಲ್ಲಿ ಹಿಂದುಗಡೆಯ ತುದಿಯನ್ನು ಕೆಳಕ್ಕೆ ಒತ್ತಿರುತ್ತದೆ. ಒಂದು ಕೈ ಹೊರುವುದು, ಇನ್ನೊಂದು ಒತ್ತುವುದು. ಹಿಸುಕುವ ಕೆಲಸ ಎರಡಕ್ಕೂ ಇಲ್ಲ. ಓಟದಲ್ಲಿ ಬಲಗೈಯ ಕಿರುಬೆರಳು, ಉಂಗುರಬೆರಳುಗಳು ಸಡಿಲವಾಗಿದ್ದು, ಕೈ ಮೇಲೇಳುವಾಗ ತಾವಾಗಿ ಮುಚ್ಚಿಕೊಳ್ಳಬೇಕು.

ಬಿಗಿಯಾಗಿ ಹಿಡಿದಷ್ಟೂ ಜಾರುವುದಿಲ್ಲ ಎಂಬುದು ಹೊಸಬರ ಗಟ್ಟಿ ನಂಬಿಕೆ. ಹತ್ತು ಹೆಜ್ಜೆ ಓಡುವಷ್ಟರಲ್ಲಿ ಮುಷ್ಟಿ ಬಿಗಿ ಹಿಡಿದವರ ಮುಂಗೈ ಕಲ್ಲಾಗಿರುತ್ತದೆ, ಬಿಗಿತ ಭುಜಕ್ಕೇರಿರುತ್ತದೆ, ಕೈ ಎತ್ತುವುದು ತಡವಾಗುತ್ತದೆ. ತಡವಾದ ಕೈಗೆ ಬೀಳುವ ಪೆಟ್ಟು ದೊಡ್ಡದು, ಆ ಪೆಟ್ಟಿಗೆ ಕೈ ಜಾರುತ್ತದೆ. ಜಾರಿತೆಂದು ಮುಂದಿನ ಸಲ ಇನ್ನೂ ಬಿಗಿ ಹಿಡಿಯುತ್ತಾರೆ. ಈ ಸುತ್ತನ್ನು ಕಡಿಯಲು ನಾನು ಮಾಡಿಸುವ ಅಭ್ಯಾಸ ಇಷ್ಟೇ: ಪೋಲ್ ಹೊತ್ತು ನಲವತ್ತು ಮೀಟರ್ ಹಗುರವಾಗಿ ಓಡುವುದು, ಓಡುತ್ತಲೇ ಪ್ರತಿ ನಾಲ್ಕನೆಯ ಹೆಜ್ಜೆಗೆ ಬಲಗೈಯ ಕೊನೆಯ ಮೂರು ಬೆರಳುಗಳನ್ನು ಬಿಚ್ಚಿ ಮುಚ್ಚುವುದು. ಮೊದಲ ದಿನ ಪೋಲ್ ತೂಗಾಡುತ್ತದೆ, ಹೆದರಬೇಡಿ. ವಾರ ಕಳೆಯುವಷ್ಟರಲ್ಲಿ ಕೈಗೆ ತನ್ನ ಕೆಲಸ ಯಾವುದು ಎಂದು ಗೊತ್ತಾಗುತ್ತದೆ.

ಪೋಲ್ ಕೂರಬೇಕಾದ್ದು ಬೆರಳುಗಳ ಬುಡದ ಗೆರೆಯ ಮೇಲೆ. ಅಂಗೈಯ ನಡುವಿಗೆ ತುರುಕಿ ಹಿಡಿದರೆ ತೂಗುವಾಗ ಆ ಜಾಗದ ಚರ್ಮ ಮಡಚಿಕೊಂಡು ಸೀಳುತ್ತದೆ.

ಎರಡು ಕೈಗಳ ನಡುವೆ ಒಂದು ಮೊಳ, ನಾಲ್ಕು ಬೆರಳು

ಕೈಗಳ ಅಂತರ ಇಷ್ಟೇ ಸೆಂಟಿಮೀಟರ್ ಇರಬೇಕು ಎಂದು ಎಲ್ಲರಿಗೂ ಒಂದೇ ಲೆಕ್ಕ ಹೇಳುವುದು ಸರಿಯಲ್ಲ. ಹದಿಮೂರರ ಹುಡುಗಿಗೂ ಆರಡಿ ಯುವಕನಿಗೂ ಭುಜದ ಅಗಲ ಒಂದೇ ಅಲ್ಲ. ನಮ್ಮ ಹಳೆಯ ಮೊಳದ ಅಳತೆ ಇಲ್ಲಿ ಬಹಳ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅದು ಅವರವರ ಮೈಯಿಂದಲೇ ಹುಟ್ಟಿದ್ದು. ಬಲಗೈ ಹಿಡಿದ ಜಾಗಕ್ಕೆ ಎಡ ಮೊಣಕೈ ತಾಗಿಸಿ ಪೋಲ್‌ನ ಉದ್ದಕ್ಕೆ ಕೈ ಚಾಚಿ. ನಡುಬೆರಳು ತಲುಪಿದ ಕಡೆಯಿಂದ ನಾಲ್ಕು ಬೆರಳಗಲ ಮುಂದೆ ಎಡಗೈ ಇಡಿ. ಬಹುತೇಕರಿಗೆ ಇದು 45ರಿಂದ 60 ಸೆಂಟಿಮೀಟರ್ ಒಳಗೆ ಬರುತ್ತದೆ. ಶುರುವಿಗೆ ಇಷ್ಟು ಸಾಕು, ಆಮೇಲೆ ಎರಡು ಬೆರಳು ಹೆಚ್ಚೋ ಕಡಿಮೆಯೋ ನಿಮ್ಮ ಭುಜವೇ ಹೇಳುತ್ತದೆ.

ಅಂತರ ಕಿರಿದಾದರೆ ಓಟದಲ್ಲಿ ಪೋಲ್‌ನ ತುದಿ ಅತ್ತಿತ್ತ ಹೊಯ್ದಾಡುತ್ತದೆ, ಅದನ್ನು ಹಿಡಿದು ನಿಲ್ಲಿಸಲು ಮಣಿಕಟ್ಟು ಸೋಲುತ್ತದೆ. ಅಗಲವಾದರೆ ಎಡತೋಳು ಅಡ್ಡಗೋಲಿನಂತೆ ಎದೆಗೂ ಪೋಲ್‌ಗೂ ನಡುವೆ ಸಿಕ್ಕಿಕೊಂಡು, ಎದೆ ಮುಂದಕ್ಕೆ ಹೋಗುವುದನ್ನು ತಡೆಯುತ್ತದೆ, ಬಲಗೈ ಪೂರ್ತಿ ಚಾಚಿಕೊಳ್ಳುವುದಿಲ್ಲ.

ನೀಲಿ ಬಣ್ಣ ಮೇಲಕ್ಕೆ ಸರಿದಿದ್ದರೆ ಅದಕ್ಕೆ ಕೆಲವೊಮ್ಮೆ ಹಳೆಯ ಪಾಠವೇ ಕಾರಣ. ಬಿದಿರಿನ ಕೋಲಿನ ಕಾಲದಲ್ಲಿ ಪೋಲ್ ಊರುವ ಹೊತ್ತಿಗೆ ಕೆಳಗಿನ ಕೈಯನ್ನು ಮೇಲಿನ ಕೈಯ ಬಳಿಗೆ ಜಾರಿಸಿ ತರುವುದೇ ಸರಿಯಾದ ವಿಧಾನವಾಗಿತ್ತು. 1940ರಲ್ಲಿ 15 ಅಡಿ ದಾಟಿದ ಮೊದಲ ಮನುಷ್ಯ, ಅಮೆರಿಕದ ಕಾರ್ನೆಲಿಯಸ್ ವಾರ್ಮರ್‌ಡ್ಯಾಮ್, ಬಿದಿರಿನ ಮೇಲೆ ಜಿಗಿದವರು. ಬಾಗದ ಕೋಲಿಗೆ ಆ ಕೈಜಾರಿಕೆ ಬೇಕಿತ್ತು. ಬಾಗುವ ಫೈಬರ್‌ಗ್ಲಾಸ್‌ಗೆ ಅದು ಸಲ್ಲದು. ಇಲ್ಲಿ ಎರಡು ಕೈಗಳ ನಡುವಿನ ಅಂತರವೇ ಪೋಲನ್ನು ನಿಯಂತ್ರಣದಲ್ಲಿಡುವುದು. ಬಿದಿರಿನಲ್ಲಿ ಕಲಿತ ದೈಹಿಕ ಶಿಕ್ಷಕರಿಂದ ಪಾಠ ಹೇಳಿಸಿಕೊಂಡ ಮಕ್ಕಳಲ್ಲಿ ಈ ಅಭ್ಯಾಸ ಉಳಿದಿರುತ್ತದೆ. ಅವರ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಪೋಲ್ ಬದಲಾಗಿರುವುದರಿಂದ ಕೈಯೂ ಬದಲಾಗಬೇಕು, ಅಷ್ಟೇ. ನಿಯಮವನ್ನೂ ನೆನಪಿಡಿ: ನೆಲ ಬಿಟ್ಟ ಮೇಲೆ ಕೆಳಗಿನ ಕೈಯನ್ನು ಮೇಲಿನದಕ್ಕಿಂತ ಮೇಲಿಡುವಂತಿಲ್ಲ, ಮೇಲಿನ ಕೈಯನ್ನು ಇನ್ನೂ ಮೇಲಕ್ಕೆ ಸರಿಸುವಂತಿಲ್ಲ. ಹಾಗೆ ಮಾಡಿದರೆ ಆ ಪ್ರಯತ್ನ ವಿಫಲ.

ಎಷ್ಟು ಎತ್ತರದಲ್ಲಿ ಹಿಡಿಯಬೇಕು

ಪೋಲ್‌ವಾಲ್ಟ್ ಕಲಿಯುವವರ ಅರ್ಧಕ್ಕರ್ಧ ಸಂಕಟ ಇಲ್ಲಿದೆ, ಅಪಾಯವೂ ಇಲ್ಲೇ ಇದೆ. ಗೆಳೆಯ ಪೋಲ್‌ನ ಕೆಳತುದಿಯಿಂದ 3.60 ಮೀಟರ್‌ನಲ್ಲಿ ಹಿಡಿಯುತ್ತಾನೆ ಎಂದು ತಾನೂ ಅಲ್ಲೇ ಹಿಡಿದು, ಪೋಲ್ ನೆಟ್ಟಗಾಗುವ ಮೊದಲೇ ನಿಂತು, ಹಿಂದಕ್ಕೆ ಓಟದ ಹಾದಿಯ ಮೇಲೆ ಬೀಳುವ ಹುಡುಗರನ್ನು ಕಂಡಾಗ ನನ್ನ ಎದೆ ಝಲ್ಲೆನ್ನುತ್ತದೆ. ಹಿಡಿತದ ಎತ್ತರವನ್ನು ಆರಿಸಿಕೊಳ್ಳುವುದು ಓಟದ ವೇಗ ಮತ್ತು ಟೇಕಾಫ್. ಆಸೆಗೆ ಅಲ್ಲಿ ಜಾಗವಿಲ್ಲ.

ಮೊದಲ ಅಳತೆ ಹೀಗೆ. ಪೋಲನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಪಕ್ಕ ನಿಂತು, ಹಿಮ್ಮಡಿ ಎತ್ತದೆ ಬಲಗೈಯನ್ನು ಎಷ್ಟು ಚಾಚಲು ಸಾಧ್ಯವೋ ಅಷ್ಟು ಚಾಚಿ ಹಿಡಿಯಿರಿ. ಆ ಜಾಗವನ್ನು ಗುರುತು ಮಾಡಿ. ಇದು ನಿಮ್ಮ ನಿಂತ ಎತ್ತರ. ಬಾಕ್ಸ್ ನೆಲಮಟ್ಟಕ್ಕಿಂತ 20 ಸೆಂಟಿಮೀಟರ್ ಆಳವಿರುವುದರಿಂದ ಪೋಲ್‌ನ ಅಷ್ಟು ಭಾಗ ಅದರೊಳಗೆ ಇಳಿದುಹೋಗುತ್ತದೆ. ಹಾಗಾಗಿ ಬಾಕ್ಸಿನಲ್ಲಿ ಊರುವಾಗ ನಿಂತ ಎತ್ತರಕ್ಕೆ 20 ಸೆಂಟಿಮೀಟರ್ ಸೇರಿಸಿದರೆ ನೆಲದ ಮೇಲಿನ ಅನುಭವವೇ ಬಾಕ್ಸಿನಲ್ಲೂ ಸಿಗುತ್ತದೆ. ಹೊಸಬರು ನಾಲ್ಕು ಹೆಜ್ಜೆಯ ಓಟದಿಂದ ಇಲ್ಲಿಯೇ ಶುರು ಮಾಡಬೇಕು.

ಇಲ್ಲಿಂದ ಮೇಲೇರುವ ಬಗೆಗೆ ನಾನು ಪಾಲಿಸುವ ಲೆಕ್ಕ: ಸತತ ಮೂರು ಜಿಗಿತದಲ್ಲಿ ಪೋಲ್ ನೆಟ್ಟಗಾಗಿ, ಅದನ್ನು ದಾಟಿ, ಹಾಸಿನ ನಡುಭಾಗದಲ್ಲಿ ಬೆನ್ನಿನ ಮೇಲೆ ಇಳಿದರೆ ಹಿಡಿತವನ್ನು 5 ಸೆಂಟಿಮೀಟರ್ ಏರಿಸಬಹುದು. ಅದಕ್ಕಿಂತ ಹೆಚ್ಚು ಬೇಡ. ಒಂದೇ ಒಂದು ಸಲ ಹಾಸಿನ ಮುಂಭಾಗದ ಅಂಚಿನಲ್ಲಿ ಇಳಿದರೂ 10 ಸೆಂಟಿಮೀಟರ್ ಇಳಿಸಿ. ಏರಿಸಲು ಮೂರು ಸಾಕ್ಷಿ, ಇಳಿಸಲು ಒಂದು. ಓಟದ ಹೆಜ್ಜೆ ಕಡಿಮೆ ಮಾಡಿದ ದಿನ, ಎದುರುಗಾಳಿಯಿದ್ದಾಗ, ಅಭ್ಯಾಸದ ಕೊನೆಯ ಅರ್ಧ ಗಂಟೆಯಲ್ಲಿ ಕಾಲು ಸೋತಿರುವಾಗ ಕೇಳದೆಯೇ ಇಳಿಸಿ.

ಹಿಡಿತ ತೀರ ಕೆಳಗಿದ್ದರೂ ಗೊತ್ತಾಗುತ್ತದೆ. ಪೋಲ್ ಪಟಕ್ಕನೆ ನೆಟ್ಟಗಾಗಿ ನಿಮ್ಮನ್ನು ಹಾಸಿನ ಹಿಂಭಾಗಕ್ಕೆ ಎಸೆಯುತ್ತದೆ, ಕಾಲು ಮೇಲಕ್ಕೆತ್ತಲು ಸಮಯವೇ ಸಿಗುವುದಿಲ್ಲ.

ಹಿಡಿತದ ಎತ್ತರ ಬದಲಾದರೆ ಪೋಲ್‌ನ ಗಡಸೂ ಬದಲಾಗುತ್ತದೆ. ಮೇಲೆ ಹಿಡಿದರೆ ಅದೇ ಪೋಲ್ ಮೆದುವಾಗುತ್ತದೆ, ಕೆಳಗೆ ಹಿಡಿದರೆ ಗಡುಸಾಗುತ್ತದೆ. 15 ಸೆಂಟಿಮೀಟರ್ ಕೆಳಗೆ ಹಿಡಿದರೆ ಪೋಲ್ ಸುಮಾರು 10 ಪೌಂಡ್‌ನಷ್ಟು, ಅಂದರೆ ನಾಲ್ಕೂವರೆ ಕಿಲೋಗ್ರಾಂನಷ್ಟು ಗಡುಸಾದಂತೆ ಎಂಬುದು ತರಬೇತುದಾರರ ನಡುವಿನ ಅಂದಾಜು ಲೆಕ್ಕ. ಪೋಲ್ ಮೇಲೆ ಅದರ ಉದ್ದ ಮತ್ತು ಅದು ತಾಳುವ ಮೈತೂಕ ಬರೆದಿರುತ್ತದೆ. ನಿಮ್ಮ ಮೈತೂಕಕ್ಕಿಂತ ಕಡಿಮೆ ತೂಕ ನಮೂದಿಸಿದ ಪೋಲನ್ನು ಎತ್ತರದಲ್ಲಿ ಹಿಡಿದು ಜಿಗಿಯುವುದು ಪೋಲ್ ಮುರಿಯಲು ಕೊಟ್ಟ ಆಹ್ವಾನ. ಗರಿಷ್ಠ ಹಿಡಿತದ ಪಟ್ಟಿ ಇರುವ ಪೋಲ್ ಆಗಿದ್ದರೆ ಅದನ್ನು ಎಂದೂ ದಾಟಬೇಡಿ.

ಒಂದು ಪುಟ್ಟ ನೋಟ್‌ಪುಸ್ತಕ ಇಡಿ. ದಿನಾಂಕ, ಪೋಲ್, ಓಟದ ಹೆಜ್ಜೆ, ಹಿಡಿತ, ದಾಟಿದ ಎತ್ತರ ಬರೆಯಿರಿ. ಹಿಡಿತದಿಂದ 20 ಸೆಂಟಿಮೀಟರ್ ಕಳೆದರೆ ನೆಲದಿಂದ ನಿಮ್ಮ ಕೈಯ ನಿಜವಾದ ಎತ್ತರ ಸಿಗುತ್ತದೆ. 3.40 ಮೀಟರ್‌ನಲ್ಲಿ ಹಿಡಿದು 3.30 ದಾಟಿದವನ ಕೈ ಇದ್ದದ್ದು 3.20ರಲ್ಲಿ. ಹಾಗಾದರೆ ಅವನು ಕೈಗಿಂತ 10 ಸೆಂಟಿಮೀಟರ್ ಮೇಲೆ ಹೋಗಿದ್ದಾನೆ. ವಿಶ್ವಮಟ್ಟದ ಪುರುಷರು ಕೈಗಿಂತ ಒಂದು ಮೀಟರ್‌ಗೂ ಮೇಲೆ ಹೋಗುತ್ತಾರೆ. 2025ರಲ್ಲಿ ಟೋಕಿಯೊದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ವೀಡನ್ನಿನ ಅರ್ಮಾಂಡ್ ಡುಪ್ಲಾಂಟಿಸ್ 6.30 ಮೀಟರ್ ದಾಟಿದ್ದು ಇಂಥ ಮೇಲೇರಿಕೆಯಿಂದ. ಹಿಡಿತ ಏರಿಸಲು ತುದಿಗಾಲಲ್ಲಿ ನಿಂತ ಹುಡುಗರಿಗೆ ನಾನು ಈ ಕಳೆಯುವ ಲೆಕ್ಕವನ್ನೇ ಮಾಡಿಸುತ್ತೇನೆ. ಹಿಡಿತ 10 ಸೆಂಟಿಮೀಟರ್ ಏರಿಸಿಯೂ ದಾಟಿದ ಎತ್ತರ ಅಷ್ಟೇ ಇದ್ದರೆ ಅವರು ನಿಜದಲ್ಲಿ 10 ಸೆಂಟಿಮೀಟರ್ ಕಳೆದುಕೊಂಡಿದ್ದಾರೆ.

ಪೋಲ್ ಕೈಯೊಳಗೆ ಉರುಳುತ್ತಿದ್ದರೆ

ಪ್ರತಿ ಫೈಬರ್‌ಗ್ಲಾಸ್ ಪೋಲ್‌ಗೂ ತಾನು ಸುಲಭವಾಗಿ ಬಾಗುವ ಒಂದು ಬದಿ ಇರುತ್ತದೆ. ಆ ಬದಿಯನ್ನು ಬಿಟ್ಟು ಬೇರೆ ಕಡೆ ಬಾಗಿಸಿದರೆ ಅದು ತನ್ನ ಬದಿಗೆ ತಿರುಗಿಕೊಳ್ಳಲು ಹೆಣಗುತ್ತದೆ. ಆ ಹೆಣಗಾಟವೇ ಕೈಯಲ್ಲಿ ಉರುಳುವಿಕೆಯಾಗಿ ತಿಳಿಯುವುದು.

ಎರಡು ಸ್ಟೂಲುಗಳ ಮೇಲೆ ಪೋಲ್‌ನ ಎರಡು ತುದಿಗಳನ್ನು ಇಟ್ಟು ಮೆಲ್ಲನೆ ಉರುಳಿಸಿ ಬಿಡಿ. ಅದು ಸ್ವಲ್ಪ ಆಚೀಚೆ ಆಡಿ, ನಡು ಕೆಳಕ್ಕೆ ಜೋತು ನಿಲ್ಲುತ್ತದೆ. ಮೂರು ಸಲ ಮಾಡಿ, ಮೂರು ಸಲವೂ ಒಂದೇ ಬದಿ ಕೆಳಗೆ ಬಂದರೆ ಅದೇ ಅದರ ಸಹಜ ಬಾಗು. ಕೆಳಮುಖವಾದ ಬದಿಯಲ್ಲಿ ಹಿಡಿತದ ಹತ್ತಿರ ಶಾಯಿಯಿಂದ ಉದ್ದ ಗೆರೆ ಎಳೆಯಿರಿ. ಟೇಕಾಫ್‌ನಲ್ಲಿ ಪೋಲ್ ಹಾಸಿನ ಕಡೆಗೆ ಉಬ್ಬಿ ಬಾಗುತ್ತದೆ, ಹಾಗಾಗಿ ಕೈ ತಲೆಯ ಮೇಲಿರುವಾಗ ಆ ಗೆರೆ ಹಾಸಿನ ಕಡೆ ಇರಬೇಕು. ತರಬೇತುದಾರರ ಎದುರು ನಿಧಾನ ನಡಿಗೆಯಲ್ಲಿ ಪೋಲ್ ಊರಿ ಖಚಿತಪಡಿಸಿಕೊಳ್ಳಿ, ಆಮೇಲೆ ಹೊತ್ತುಕೊಳ್ಳುವ ಭಂಗಿಯಲ್ಲಿ ಗೆರೆ ಎಲ್ಲಿ ಬರುತ್ತದೆ ಎಂದು ನೋಡಿಟ್ಟುಕೊಳ್ಳಿ. ಒಂದೇ ಮೈದಾನದಲ್ಲಿ ನಾಲ್ಕು ಜನ ಒಂದೇ ಪೋಲ್ ಬಳಸುವ ನಮ್ಮಂಥ ಕಡೆ ಈ ಗೆರೆ ಇದ್ದರೆ ಎಷ್ಟೋ ಗೊಂದಲ ತಪ್ಪುತ್ತದೆ.

ಊರುವ ಹೊತ್ತು: ಸೊಂಟ, ಹಣೆ, ಆಕಾಶ

ಕೆಂಪು ಬಾಲದ ಗುರುತು ಬಂದವರು ಈ ಭಾಗವನ್ನು ಎರಡು ಸಲ ಓದಿ.

ಕೊನೆಯ ಮೂರು ಹೆಜ್ಜೆ ಎಡ, ಬಲ, ಎಡ. ಮೊದಲ ಎಡಪಾದ ನೆಲಕ್ಕೆ ತಾಗುವಾಗ ಬಲಗೈ ಸೊಂಟ ಬಿಟ್ಟಿರಬೇಕು. ಬಲಪಾದಕ್ಕೆ ಕೈ ಹಣೆಯ ಮಟ್ಟ. ಕೊನೆಯ ಎಡಪಾದಕ್ಕೆ ತೋಳು ಕಿವಿಗೆ ತಾಗಿ ನೆಟ್ಟಗೆ ಮೇಲೆ. ಈ ಮೂರು ಪದಗಳನ್ನು ಬಾಯಲ್ಲಿ ಹೇಳಿಕೊಂಡೇ ನಡೆಯಿರಿ: ಸೊಂಟ, ಹಣೆ, ಆಕಾಶ. ದಿನಕ್ಕೆ ಇಪ್ಪತ್ತು ಸಲ ನಡಿಗೆಯಲ್ಲಿ, ಹತ್ತು ಸಲ ಮೆಲ್ಲನೆಯ ಓಟದಲ್ಲಿ ಮಾಡಿ. ಇದಕ್ಕೆ ಹಾಸೂ ಬೇಡ, ಬಾಕ್ಸೂ ಬೇಡ, ಮನೆಯಂಗಳ ಸಾಕು.

ಪೋಲ್‌ವಾಲ್ಟ್‌ನ ಮಾಜಿ ವಿಶ್ವದಾಖಲೆಗಾರ ಸೆರ್ಗೆಯ್ ಬುಬ್ಕಾ ಅವರನ್ನು ತಯಾರು ಮಾಡಿದ ತರಬೇತುದಾರ ವಿಟಾಲಿ ಪೆಟ್ರೋವ್ ಕೊಟ್ಟ ದೊಡ್ಡ ಪಾಠ ಇದೇ ಹೊತ್ತಿನದು. ಪೋಲ್‌ನ ತುದಿ ಬಾಕ್ಸಿನ ಹಿಂಗೋಡೆಗೆ ಬಡಿಯುವ ಮೊದಲೇ ತೋಳು ಪೂರ್ತಿ ಚಾಚಿ, ಮೈ ಮೇಲಕ್ಕೆ ಹೊರಟಿರಬೇಕು. ಆಗ ಬಡಿತದ ಪೆಟ್ಟು ಕೈಗೆ ಬೀಳುವುದೇ ಕಡಿಮೆ. ತೋಳು ಅರ್ಧ ಮಡಚಿರುವಾಗ ತುದಿ ಬಡಿದರೆ ಓಟದ ಬಲವೆಲ್ಲ ಎಂಟು ಬೆರಳುಗಳ ಮೇಲೆ ಬೀಳುತ್ತದೆ. ಅದನ್ನು ತಡೆಯುವ ಟೇಪು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ವಿಡಿಯೊದಲ್ಲಿ ನೋಡಬೇಕಾದ್ದು ಒಂದೇ ಚಿತ್ರ, ಎಡಪಾದದ ತುದಿ ನೆಲ ಬಿಡುವ ಕ್ಷಣ. ಮೇಲಿನ ಕೈಯಿಂದ ಕೆಳಕ್ಕೆ ಒಂದು ಲಂಬ ಗೆರೆ ಕಲ್ಪಿಸಿಕೊಳ್ಳಿ. ಪಾದ ಆ ಗೆರೆಯ ಮೇಲೆ ಅಥವಾ ತುಸು ಹಿಂದೆ ಇರಬೇಕು. ಮುಂದಿದ್ದರೆ ಎಷ್ಟು ಮುಂದಿದೆಯೋ ಅಷ್ಟು ಓಟದ ಗುರುತನ್ನು ಹಿಂದಕ್ಕೆ ಸರಿಸಿ. ಆದರೂ ಪಾದ ಮುಂದೆಯೇ ಬೀಳುತ್ತಿದ್ದರೆ ಅವರು ಕೊನೆಯಲ್ಲಿ ಹೆಜ್ಜೆ ಉದ್ದ ಮಾಡುತ್ತಿದ್ದಾರೆ. ಆಗ ಕೊನೆಯ ಆರು ಹೆಜ್ಜೆ ಶುರುವಾಗುವಲ್ಲಿ ಇನ್ನೊಂದು ಗುರುತಿಟ್ಟು, ತರಬೇತುದಾರರು ಅದನ್ನೇ ನೋಡುತ್ತಿರಬೇಕು.

ಈಗ ಟೇಪು

ಬೇಕಾದದ್ದು ಮೆಡಿಕಲ್ ಅಂಗಡಿಯಲ್ಲಿ ಸಿಗುವ ಹತ್ತಿಬಟ್ಟೆಯ ಪ್ಲಾಸ್ಟರ್ ಟೇಪು, ಸ್ಪಿರಿಟ್, ಹಳೆಯ ಹತ್ತಿಬಟ್ಟೆ. ನುಣುಪಾದ ಪ್ಲಾಸ್ಟಿಕ್ ಟೇಪು, ವಿದ್ಯುತ್ ಕೆಲಸದ ಟೇಪು ಬೇಡವೇ ಬೇಡ.

1. ಹಳೆಯ ಟೇಪನ್ನು ಬೆರಳಿನಿಂದಲೇ ಬಿಚ್ಚಿ. ಬ್ಲೇಡು, ಚಾಕು ತಾಗಿಸಬೇಡಿ. ಫೈಬರ್‌ಗ್ಲಾಸಿನ ಮೇಲೆ ಬಿದ್ದ ಒಂದು ಗೀರು ಮುಂದೊಂದು ದಿನ ಅಲ್ಲಿಂದಲೇ ಪೋಲ್ ಮುರಿಯಲು ದಾರಿ. ಅಂಟಿಕೊಂಡಿದ್ದರೆ ಸ್ಪಿರಿಟ್ ಹಚ್ಚಿದ ಬಟ್ಟೆಯನ್ನು ಐದು ನಿಮಿಷ ಸುತ್ತಿಟ್ಟು ಆಮೇಲೆ ಎಳೆಯಿರಿ.

2. ಅಂಟಿನ ಜಿಡ್ಡೆಲ್ಲ ಹೋಗುವಂತೆ ಒರೆಸಿ ಒಣಗಲು ಬಿಡಿ. ಹಳೆಯ ಅಂಟಿನ ಮೇಲೆ ಹೊಸ ಟೇಪು ಸುತ್ತಿದರೆ ಬಿಸಿಲಿಗೆ ಒಳಗಿನ ಅಂಟು ಕರಗಿ ಇಡೀ ಸುತ್ತೇ ಜಾರುತ್ತದೆ. ಹಲವರು ತಮ್ಮ ಕೈ ಜಾರಿತು ಎಂದುಕೊಳ್ಳುವುದು ನಿಜವಾಗಿ ಟೇಪು ಜಾರಿದ್ದು.

3. ಕೆಳಗಿನಿಂದ ಮೇಲಕ್ಕೆ ಸುತ್ತಿ. ಮನೆಗೆ ಹೆಂಚು ಹೊದಿಸುವಾಗ ಮೇಲಿನ ಹೆಂಚು ಕೆಳಗಿನದರ ಮೇಲೆ ಕೂರುವುದಲ್ಲವೇ, ಇದೂ ಹಾಗೆಯೇ. ಕೈಯ ಒತ್ತಡ ಬೀಳುವುದು ಕೆಳಮುಖವಾಗಿ. ಅಂಚುಗಳೂ ಕೆಳಮುಖವಾಗಿದ್ದರೆ ಟೇಪು ಏಳುವುದಿಲ್ಲ.

4. ಸುತ್ತುಗಳು ಒಂದರ ಮೇಲೊಂದು ಎರಡು ಮೂರು ಮಿಲಿಮೀಟರ್ ಮಾತ್ರ ಬರಲಿ, ದಪ್ಪ ಎಲ್ಲ ಕಡೆ ಒಂದೇ ಇರಲಿ. ಕೈ ತಡೆದು ನಿಲ್ಲಲಿ ಎಂದು ಒಂದು ಕಡೆ ದಪ್ಪ ಬಳೆಯಂತೆ ಸುತ್ತುವುದನ್ನು ನಿಯಮ ಸ್ಪಷ್ಟವಾಗಿ ನಿಷೇಧಿಸುತ್ತದೆ.

5. ತುದಿಯನ್ನು ಕತ್ತರಿಯಿಂದ ಮೊದಲೇ ಕತ್ತರಿಸಿಕೊಂಡು ಅಂಟಿಸಿ, ಅಂಗೈಯಿಂದ ಉಜ್ಜಿ ಬಿಸಿ ಮಾಡಿ ಕೂರಿಸಿ.

ಒಂದು ಪದರ ಸಾಮಾನ್ಯವಾಗಿ ಸುತ್ತಿ, ಅದರ ಮೇಲೆ ಇನ್ನೊಂದು ಪದರವನ್ನು ಅಂಟಿನ ಬದಿ ಹೊರಗೆ ಬರುವಂತೆ ಸುತ್ತುವವರೂ ಇದ್ದಾರೆ. ಒಣಹವೆಯಲ್ಲಿ ಇದು ಬಹಳ ಚೆನ್ನಾಗಿ ಹಿಡಿಯುತ್ತದೆ. ಧೂಳಿನ ಮೈದಾನದಲ್ಲಿ ಮಾತ್ರ ಪೋಲನ್ನು ನೆಲಕ್ಕೆ ಬಿಟ್ಟ ಮೊದಲ ಸಲಕ್ಕೇ ಅಂಟೆಲ್ಲ ಮಣ್ಣಾಗುತ್ತದೆ. ಹಾಗೆ ಸುತ್ತುವವರು ಪೋಲ್ ಹಿಡಿದುಕೊಳ್ಳಲು ಒಬ್ಬರನ್ನು ನಿಲ್ಲಿಸಿಕೊಳ್ಳಿ.

ಬೆವರು, ಪುಡಿ, ರಾಳ

ಕೈಗೂ ಪೋಲ್‌ಗೂ ಹಿಡಿತಕ್ಕಾಗಿ ಏನನ್ನಾದರೂ ಹಚ್ಚಿಕೊಳ್ಳಲು, ಕೈಗವಸು ಹಾಕಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಕೈಗವಸು ನನಗೆ ಒಗ್ಗಿಲ್ಲ. ಪೋಲ್ ಬೆರಳಿಗೆ ಹೇಳುವುದನ್ನು ಅದು ಮರೆಮಾಡುತ್ತದೆ.

ಜಿಮ್ನಾಸ್ಟಿಕ್ಸ್‌ನವರು ಬಳಸುವ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ ಬೆವರನ್ನು ಹೀರುತ್ತದೆ. ಅದು ಅಂಟಲ್ಲ, ಒಣಗಿಸುವ ವಸ್ತು. ಈ ವ್ಯತ್ಯಾಸ ತಿಳಿಯದೆ ರಾಶಿ ರಾಶಿ ಹಚ್ಚಿಕೊಂಡರೆ ಬೆವರಿನ ಜೊತೆ ಕಲಸಿ ಹಿಟ್ಟಿನಂತಾಗಿ, ಏನೂ ಹಚ್ಚದಿದ್ದಾಗಿನದಕ್ಕಿಂತ ಹೆಚ್ಚು ಜಾರುತ್ತದೆ. ಮೊದಲು ಬಟ್ಟೆಯಿಂದ ಬೆವರು ಒರೆಸಿ, ತೆಳ್ಳಗೆ ಹಚ್ಚಿ, ಕೈ ತಟ್ಟಿ ಉದುರಿಸಿ. ರಾಳ ಅಂಟಿನ ಜಾತಿ. ರಾಳದ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಟೇಪಿನ ಮೇಲೆ ಎರಡು ಸಲ ತಟ್ಟಿದರೆ ಸಾಕು. ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ ಅಂಗೈ ಒರೆಸಿದರೂ ಮುಂಗೈಯ ಬೆವರು ಹರಿದು ಬರುತ್ತದೆ. ಅಲ್ಲಿ ಮಣಿಕಟ್ಟಿನ ಪಟ್ಟಿ ಪುಡಿಗಿಂತ ಹೆಚ್ಚು ಉಪಕಾರಿ. ಮಳೆಯಲ್ಲಿ ಪುಡಿಯಿಂದ ಪ್ರಯೋಜನವಿಲ್ಲ, ರಾಳ ಮತ್ತು ಒಣ ಟವೆಲ್ಲೇ ಗತಿ. ಜೋರು ಮಳೆಯಾದರೆ ಜಿಗಿಯುವುದು ಬೇಡ.

ಚರ್ಮ ಮತ್ತು ಬಲ

ಬೆರಳ ಬುಡದ ಗಟ್ಟಿ ಚರ್ಮ ನಿಮ್ಮ ರಕ್ಷಣೆ, ಆದರೆ ಅದು ಗುಡ್ಡೆಯಾಗಿ ಎದ್ದರೆ ಅಂಚಿನಿಂದ ಕಿತ್ತು ಬರುತ್ತದೆ. ವಾರಕ್ಕೆರಡು ಸಲ ಸ್ನಾನದ ನಂತರ ಉಜ್ಜುಗಲ್ಲಿನಿಂದ ಸಮ ಮಾಡಿ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ. ಅಭ್ಯಾಸದ ದಿನ ಬೆಳಿಗ್ಗೆ ಮಾತ್ರ ಎಣ್ಣೆ ಮುಟ್ಟಬೇಡಿ. ಚರ್ಮ ಕಿತ್ತಿದ್ದರೆ ಅದು ಆರುವವರೆಗೆ ಜಿಗಿತ ಬಿಟ್ಟು ಓಟ, ಕಾಲಿನ ವ್ಯಾಯಾಮ ಮಾಡಿ. ನೋವಿಗೆ ಹೆದರಿದ ಕೈ ಗಾಳಿಯಲ್ಲಿ ತಾನಾಗಿ ಬಿಟ್ಟುಬಿಡುತ್ತದೆ, ಅದು ಎಲ್ಲಕ್ಕಿಂತ ಅಪಾಯ.

ಬಲಕ್ಕೆ ಜಿಮ್ ಇಲ್ಲದಿದ್ದರೆ ಚಿಂತೆಯಿಲ್ಲ. ಎರಡು ಬಕೆಟ್ ತುಂಬ ನೀರು ಹಿಡಿದು ಮೂವತ್ತು ಮೀಟರ್ ನಡೆಯಿರಿ. ಕಂಬಿಯ ಮೇಲೆ ಟವೆಲ್ ಹಾಕಿ ಅದರ ತುದಿಗಳನ್ನು ಹಿಡಿದು ಇಪ್ಪತ್ತು ಸೆಕೆಂಡ್ ಜೋತುಬೀಳಿ. ಬಲಗೈಯೊಂದರಲ್ಲೇ ಹತ್ತು ಸೆಕೆಂಡ್ ಜೋತುಬಿದ್ದು ಮೆಲ್ಲನೆ ತೂಗಾಡಿ. ಉತ್ತರ ಕರ್ನಾಟಕದಲ್ಲಿ ಹಗ್ಗದ ಮಲ್ಲಕಂಬ ಆಡುವ ಮಕ್ಕಳ ಹಿಡಿತ ಕಂಡಾಗಲೆಲ್ಲ ನನಗೆ ಆಸೆಯಾಗುತ್ತದೆ. ತಲೆಕೆಳಗಾಗಿಯೂ ಅವರ ಕೈ ಬಿಗಿಯದೆ, ಜಾರದೆ, ಬೇಕಾದಷ್ಟೇ ಹಿಡಿದಿರುತ್ತದೆ. ಆ ಮಕ್ಕಳಲ್ಲಿ ಓಡಬಲ್ಲವರನ್ನು ಪೋಲ್‌ವಾಲ್ಟ್‌ಗೆ ಕರೆತರುವ ಕೆಲಸವನ್ನು ಯಾರಾದರೂ ಮನಸ್ಸಿಟ್ಟು ಮಾಡಬೇಕು.

ಸ್ಪರ್ಧೆಯ ದಿನ

ಹೊಸ ಟೇಪು ಸ್ಪರ್ಧೆಯ ಬೆಳಿಗ್ಗೆ ಬೇಡ. ಹಿಂದಿನ ದಿನವೇ ಸುತ್ತಿ, ನಾಲ್ಕೈದು ಸಲ ಊರಿ ಪಳಗಿಸಿ. ಚೀಲದಲ್ಲಿ ಎರಡು ಟವೆಲ್, ಒಂದು ಟೇಪು, ಕತ್ತರಿ, ಪುಡಿ, ರಾಳದ ಗಂಟು, ಅಳತೆಪಟ್ಟಿ, ನೋಟ್‌ಪುಸ್ತಕ ಇರಲಿ. ಪೋಲನ್ನು ಬಿಸಿಲಿನಲ್ಲಿ ಬಿಡದೆ ನೆರಳಿನಲ್ಲಿ ಚೀಲದೊಳಗಿಡಿ.

ಮೂವರಿಗಿಂತ ಹೆಚ್ಚು ಸ್ಪರ್ಧಿಗಳು ಉಳಿದಿರುವಾಗ ಒಂದು ಪ್ರಯತ್ನಕ್ಕೆ ಸಿಗುವುದು ಒಂದೇ ನಿಮಿಷ. ಹೆಸರು ಕರೆದ ಮೇಲೆ ಪುಡಿ ಹುಡುಕಲು ಹೊರಟರೆ ಓಟಕ್ಕೆ ಮನಸ್ಸು ನಿಲ್ಲುವುದಿಲ್ಲ. ನಿಮಗಿಂತ ಮೊದಲಿನ ಸರದಿಯವರು ಓಡಲು ಶುರು ಮಾಡಿದಾಗಲೇ ಕೈ ಒರೆಸಿ, ಪುಡಿ ತಟ್ಟಿ, ಹಿಡಿತದ ಗೆರೆ ನೋಡಿಕೊಳ್ಳಿ. ಮೊದಲ ಎತ್ತರಕ್ಕೆ ಅಭ್ಯಾಸದ ಅತಿ ಎತ್ತರದ ಹಿಡಿತಕ್ಕಿಂತ 5 ಸೆಂಟಿಮೀಟರ್ ಕೆಳಗೆ ಹಿಡಿಯಿರಿ. ಮೈ ಬಿಸಿಯಾಗಿ, ಪೋಲ್ ಸರಾಗವಾಗಿ ದಾಟಿದ ಮೇಲೆ ಏರಿಸುವುದಿದ್ದೇ ಇದೆ. ಓಟದ ಆರಂಭದಲ್ಲಿ ನಿಂತು ಪೋಲ್ ಎತ್ತಿಕೊಂಡಾಗ ಒಮ್ಮೆ ಬಲಗೈಯ ಕೊನೆಯ ಮೂರು ಬೆರಳುಗಳನ್ನು ಬಿಚ್ಚಿ, ಮುಚ್ಚಿ. ಅವು ಹಗುರವಾಗಿ ಆಡಿದರೆ ಓಡಲು ಶುರು ಮಾಡಿ.